ಒಳಗೆ ಹೋಗಿ ಆಡ್ಕೋ

ಕಳೆದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ತೀರ್ಥಹಳ್ಳಿ ಕಡೆಯ ನನ್ನ ತವರಿಗೆ ಹೋಗಿದ್ದೆ. ಪಕ್ಕದ ಮನೆಗೆ ಬೆಂಗಳೂರಿನಿಂದ ಮಗ, ಸೊಸೆ, ಮೊಮ್ಮಗ ಬಂದಿದ್ದರು. ಅಂಗಳದ ಮೂಲೆಯಲ್ಲಿ ಅಡಿಕೆ ಬೇಯಿಸುವ ಹಂಡೆ ಕುದಿಯುತ್ತಿತ್ತು. ಬೆಂದದ್ದನ್ನು ಎತ್ತಿ ಬುಟ್ಟಿಗೆ ಸುರಿಯುವವರು ಒಬ್ಬರು, ಅದನ್ನು ಒಣಗಿಸಲು ಹೊತ್ತುಕೊಂಡು ಹೋಗುವವರು ಇನ್ನಿಬ್ಬರು. ಹುಡುಗನಿಗೆ ಆರೇಳು ವರ್ಷ ಇರಬಹುದು. ಹಂಡೆ ಬಿಟ್ಟು ಅಲ್ಲಾಡಲಿಲ್ಲ. ಅಡಿಕೆ ಬೆಂದ ನೀರು, ಅಂದರೆ ಚೊಗರು, ಯಾಕೆ ಕೆಂಪಗಿದೆ, ಹಸಿರು ಕಾಯಿಯ ಒಳಗಿಂದ ಈ ಬಣ್ಣ ಹೇಗೆ ಬಂತು, ಇದನ್ನು ಕುಡಿದರೆ ಏನಾಗುತ್ತೆ ಅಂತ ಒಂದರ ಮೇಲೊಂದು ಪ್ರಶ್ನೆ. ಹೊಗೆ, ಕುದಿಯುವ ನೀರು, ಕಾಲಿಗೆ ಸಿಗುವ ಮಗು. ದೊಡ್ಡವರಿಗೆ ಕೆಲಸ ಸಾಗಬೇಕು. ಅವನಪ್ಪ ಒಂದೆರಡು ಸಲ ಗದರಿದ. ಆಮೇಲೆ ಫೋನ್ ಕೈಗಿಟ್ಟು, "ಒಳಗೆ ಹೋಗಿ ಆಡ್ಕೋ" ಅಂದ. ಹುಡುಗ ಹೋದ. ಸಂಜೆ ಕಾಫಿಗೆ ಕೂತಾಗ ಅದೇ ಅಪ್ಪ ನನ್ನ ಹತ್ತಿರ ಹೇಳಿದ, "ಇವನ ಜೊತೆ ಟೈಮ್ ಕಳೆಯಕ್ಕೇ ಆಗ್ತಿಲ್ಲ ಅಕ್ಕ. ನಾಳೆ ಜೋಗಕ್ಕೆ ಕರ್ಕೊಂಡು ಹೋಗ್ಬೇಕು ಅಂತಿದೀನಿ." ಕೊಯ್ಲಿನ ಕಾಲದಲ್ಲಿ ಜೋಗದಲ್ಲಿ ನೀರು ಎಷ್ಟು ಕಮ್ಮಿ ಇರುತ್ತೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹೋಗ್ತಾ ಬರ್ತಾ ಐದಾರು ಗಂಟೆ ಕಾರಿನಲ್ಲಿ. ಅಪ್ಪನ ಕಣ್ಣು ತಿರುವುಗಳ ಮೇಲೆ, ಮಗನ ಕಣ್ಣು ಹಿಂದಿನ ಸೀಟಿನಲ್ಲಿ ಅದೇ ಫೋನಿನ ಮೇಲೆ.

ಆತ ಒಳ್ಳೆಯ ಅಪ್ಪ. ಅದರಲ್ಲಿ ನನಗೆ ಅನುಮಾನ ಇಲ್ಲ. ಮಗನಿಗಾಗಿ ರಜೆ ಹಾಕಿ ಬಂದವನು. ಆದರೆ ಆ ದಿನದಿಂದ ನನ್ನ ತಲೆಯಲ್ಲಿ ಒಂದು ವಿಷಯ ಕೊರೆಯುತ್ತಿದೆ. ನಾವು ಬದುಕನ್ನು ಎರಡು ಪಾಲು ಮಾಡಿದ್ದೇವೆ. ಒಂದು ದೊಡ್ಡವರ ಕೆಲಸ, ಅಲ್ಲಿ ಮಕ್ಕಳಿಗೆ ಪ್ರವೇಶ ಇಲ್ಲ. ಇನ್ನೊಂದು ಮಕ್ಕಳಿಗೆಂದೇ ತೆಗೆದಿಟ್ಟ ಹೊತ್ತು, ಅಲ್ಲಿ ದೊಡ್ಡವರಿಗೆ ಮಾಡಲು ಏನೂ ಕೆಲಸ ಇಲ್ಲ. ಆಮೇಲೆ ಎರಡನೆಯದು ಸಾಲುತ್ತಿಲ್ಲ ಅಂತ ಕೊರಗುತ್ತೇವೆ. ಮೊದಲನೆಯದರ ಬಾಗಿಲು ಸ್ವಲ್ಪ ತೆಗೆದರೆ ಹೇಗೆ ಅಂತ ಯಾರೂ ಕೇಳುವುದಿಲ್ಲ.

ಅಡಿಕೆ ಸುಲಿಯುವ ರಾತ್ರಿಗಳು

ನಮ್ಮ ಮನೆಯಲ್ಲಿ ಸುಲಿಯುವ ಯಂತ್ರ ಬರುವ ಮುಂಚಿನ ಮಾತು. ಕೊಯ್ದ ಹಸಿ ಅಡಿಕೆ ಹೆಚ್ಚು ದಿನ ಕಾಯುವುದಿಲ್ಲ, ಹಾಗಾಗಿ ಹಗಲು ಕೊಯ್ದದ್ದನ್ನು ರಾತ್ರಿ ಕೂತು ಸುಲಿಯಲೇಬೇಕು. ಜಗಲಿಯ ಉದ್ದಕ್ಕೂ ಸಾಲಾಗಿ ಅಡಿಕೆ ಸುಲಿಯುವ ಮೆಟ್ಟುಗತ್ತಿ. ದೊಡ್ಡಪ್ಪ, ಚಿಕ್ಕಪ್ಪ, ಅಜ್ಜಿ, ಅಮ್ಮ, ಕೇರಿಯಿಂದ ಸುಲಿಯಲು ಬಂದ ಹೆಂಗಸರು. ಮಿಣುಕು ವೋಲ್ಟೇಜಿನ ಒಂದು ಬಲ್ಬು. ಮಕ್ಕಳಿಗೆ ಕತ್ತಿ ಮುಟ್ಟುವ ಹಾಗಿಲ್ಲ. ನಮಗೆ ಬೇರೆ ಕೆಲಸ ಇತ್ತು. ಸುಲಿಯುವವರ ಮುಂದೆ ಕಾಯಿ ತಂದು ಸುರಿಯಬೇಕು, ಸಿಪ್ಪೆ ಬಳಿಯಬೇಕು, ಸಿಡಿದು ಹೋದ ಅಡಿಕೆ ಹುಡುಕಿ ತರಬೇಕು. ಸುಲಿದದ್ದನ್ನು ಅಳೆಯುವಾಗ ಯಾರದು ಎಷ್ಟು ಅಂತ ಮಸಿಯಲ್ಲಿ ಗೋಡೆಗೆ ಗೀರು ಹಾಕುವ ಕೆಲಸ ಸ್ವಲ್ಪ ದೊಡ್ಡ ಮಕ್ಕಳಿಗೆ. ಆ ಗೀರಿನ ಮೇಲೆ ಕೂಲಿ. ಒಂದು ಗೀರು ತಪ್ಪಿದರೆ ಸುಲಿದವರೇ ಕೇಳುತ್ತಿದ್ದರು, "ಎಂತ ಮಾರಾಯ್ತಿ, ನಂದೊಂದು ನುಂಗಿದ್ಯಲೆ!" ಶಾಲೆಯಲ್ಲಿ ಲೆಕ್ಕ ತಪ್ಪಿದರೆ ಮಾರ್ಕು ಹೋಗುತ್ತಿತ್ತು. ಇಲ್ಲಿ ಇನ್ನೊಬ್ಬರ ದುಡ್ಡು ಹೋಗುತ್ತದೆ ಅಂತ ಗೊತ್ತಾಗಿದ್ದು ಆ ಗೋಡೆಯ ಎದುರೇ.

ಯಾರೂ ನಮ್ಮನ್ನು ರಂಜಿಸುತ್ತಿರಲಿಲ್ಲ. ಕಥೆ ಹೇಳುತ್ತಿದ್ದರು, ನಿಜ. ಆದರೆ ಅದು ನಮಗಾಗಿ ಹೇಳಿದ್ದಲ್ಲ. ನಿದ್ದೆ ಬಾರದಿರಲಿ ಅಂತ ಅವರವರೇ ಹೇಳಿಕೊಂಡದ್ದು. ದೆವ್ವ ಕಂಡದ್ದು, ಹುಲಿ ದನ ಹಿಡಿದದ್ದು, ಯಾರದೋ ಮದುವೆ ಮುರಿದದ್ದು, ಶಿವಮೊಗ್ಗದ ಮಂಡಿಯಲ್ಲಿ ರಾಶಿ ಅಡಿಕೆಗೆ ಎಷ್ಟು ಧಾರಣೆ, ಬೆಟ್ಟೆ ಅಡಿಕೆಗೆ ಎಷ್ಟು ಅನ್ನುವುದು. ಕೆಲವು ಮಾತಿಗೆ ಅಜ್ಜಿ ನಮ್ಮ ಕಡೆ ನೋಡಿ ಕೆಮ್ಮುತ್ತಿದ್ದರು. ಕೆಮ್ಮಿದರು ಅಂದರೆ ಆ ಮಾತು ಗಮನಿಸಿ ಕೇಳಬೇಕಾದದ್ದು ಅಂತ ನಮಗೆ ಗೊತ್ತಿತ್ತು. ಬೇಸಿಗೆಯಲ್ಲಿ ಮಣ್ಣು ಬಳಿದು ಇಟ್ಟ ಹಲಸಿನ ಬೀಜವನ್ನು ಕೆಂಡಕ್ಕೆ ಹಾಕಿ ಸುಟ್ಟು ಕೊಡುತ್ತಿದ್ದರು.

ಒಂದು ರಾತ್ರಿ ಚೆನ್ನಾಗಿ ನೆನಪಿದೆ. ಆ ವರ್ಷ ಅಜ್ಜ ತೀರಿಕೊಂಡಿದ್ದರು. ನನ್ನೊಳಗೆ ಒಂದು ಪ್ರಶ್ನೆ ಮಳೆಗಾಲದಿಂದಲೂ ಕೂತಿತ್ತು. ಯಾರ ಹತ್ತಿರವೂ ಕೇಳಿರಲಿಲ್ಲ. ಬುಟ್ಟಿ ಸುರಿಯುತ್ತಾ ದೊಡ್ಡಪ್ಪನ ಹತ್ತಿರ ಕೇಳಿಬಿಟ್ಟೆ, "ದೊಡ್ಡಪ್ಪ, ಅಜ್ಜನ್ನ ಸುಡುವಾಗ ಅಜ್ಜಂಗೆ ಬಿಸಿ ಆಗ್ಲಿಲ್ವಾ?" ಜಗಲಿ ಒಂದು ಗಳಿಗೆ ಸುಮ್ಮನಾಯಿತು. ದೊಡ್ಡಪ್ಪ ಕೈ ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ. "ಇಲ್ಲ ಮಗಾ. ಸತ್ತ ಮೇಲೆ ಎಂತದೂ ಗೊತ್ತಾಗದಿಲ್ಲ. ಮರದಿಂದ ಇಳಿಸಿದ ಅಡಿಕೆ ಗೊನೆಗೆ ನಾವು ಸುಲಿದ್ರೆ ನೋವಾಗ್ತದಾ?" ಅಂದರು. ಇನ್ನೆರಡು ಅಡಿಕೆ ಸುಲಿದು, "ನಂಗೂ ಸಣ್ಣವನಿದ್ದಾಗ ಅದೇ ಹೆದರಿಕೆ ಇತ್ತು" ಅಂತ ಸೇರಿಸಿದರು. ಅಷ್ಟೇ. ಮಾತು ಮತ್ತೆ ಧಾರಣೆಗೆ ಹೊರಳಿತು. ಯಾರೂ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಸವರಲಿಲ್ಲ.

ಈಗ ಯೋಚಿಸಿದರೆ ಅನಿಸುತ್ತದೆ, ಯಾರಾದರೂ ನನ್ನನ್ನು ಎದುರಿಗೆ ಕೂರಿಸಿ "ನಿನ್ನ ಮನಸ್ಸಲ್ಲಿ ಏನಿದೆ ಹೇಳು ಪುಟ್ಟ" ಅಂದಿದ್ದರೆ ನಾನು ಖಂಡಿತ ಬಾಯಿ ಬಿಡುತ್ತಿರಲಿಲ್ಲ. ಎಲ್ಲರ ಕಣ್ಣೂ ಕೈಯ ಮೇಲೆ ಇದ್ದದ್ದರಿಂದ, ನನ್ನ ಮುಖ ಯಾರೂ ನೋಡದೇ ಇದ್ದದ್ದರಿಂದ ಆ ಪ್ರಶ್ನೆ ಹೊರಗೆ ಬಂತು. ದೊಡ್ಡವರು ಮಕ್ಕಳ ಜೊತೆ ಇರುವುದು ಅಂದರೆ ಮಕ್ಕಳ ಮುಖ ನೋಡುತ್ತಾ ಇರುವುದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಇಬ್ಬರೂ ಸೇರಿ ಮೂರನೆಯ ಏನನ್ನೋ ನೋಡುತ್ತಾ ಇರುವ ಹೊತ್ತೇ ಎಷ್ಟೋ ಸಲ ಒಳ್ಳೆಯದು.

ಹಳೆಯದೆಲ್ಲ ಚಿನ್ನ ಅಂತ ಹೇಳಲು ನಾನು ಹೊರಟಿಲ್ಲ. ಅದೇ ಜಗಲಿಯ ತುದಿಯಲ್ಲಿ ಸುಲಿಯಲು ಬಂದ ಹೆಂಗಸರ ಮಕ್ಕಳು ಗೋಣಿಚೀಲದ ಮೇಲೆ ಮುದುಡಿ ಮಲಗಿರುತ್ತಿದ್ದರು. ಅವರಿಗೆ ಅದು ಕಥೆಯ ರಾತ್ರಿ ಅಲ್ಲ. ಅಮ್ಮ ಮನೆಗೆ ಯಾವಾಗ ಹೊರಡುತ್ತಾಳೋ ಅಂತ ಕಾಯುವ ರಾತ್ರಿ. ನಮ್ಮ ಮನೆಗಳಲ್ಲೇ ಅಪ್ಪಂದಿರು ಮಕ್ಕಳ ಜೊತೆ ಮಾತಾಡುತ್ತಿದ್ದದ್ದು ಅಷ್ಟಕ್ಕಷ್ಟೇ. ಹೆಣ್ಣುಮಕ್ಕಳು ಎಂಟು ವರ್ಷಕ್ಕೇ ತಮ್ಮನನ್ನೋ ತಂಗಿಯನ್ನೋ ಸೊಂಟಕ್ಕೆ ಏರಿಸಿಕೊಂಡು ಓಡಾಡುತ್ತಿದ್ದರು. ಆಗ ದೊಡ್ಡವರು ಮಕ್ಕಳಿಗೆ ಸಿಗುತ್ತಿದ್ದದ್ದು ಯಾರೋ ಯೋಚಿಸಿ ಮಾಡಿದ ಏರ್ಪಾಟಲ್ಲ. ಕೆಲಸವೇ ಹಾಗಿತ್ತು, ಮನೆಯೇ ಹಾಗಿತ್ತು. ಕೆಲಸ ಬದಲಾದಾಗ ಅದೂ ಹೋಯಿತು. ಈಗ ಎಷ್ಟೋ ಮನೆಯವರು ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟುಬಿಡುತ್ತಾರೆ. ಕೊಯ್ಲು, ಸುಲಿಯುವುದು, ಬೇಯಿಸುವುದು ಎಲ್ಲ ಚೇಣಿ ಹಿಡಿದವರದ್ದು. ಯಂತ್ರ ಬಂದದ್ದರ ಬಗ್ಗೆ ನನಗೆ ತಕರಾರಿಲ್ಲ. ಅಮ್ಮನ ಬೆರಳು ನೋಡಿದವರು ಯಾರೂ ಮೆಟ್ಟುಗತ್ತಿಗಾಗಿ ಕಣ್ಣೀರು ಹಾಕುವುದಿಲ್ಲ.

ಗ್ವಾಟೆಮಾಲದಲ್ಲೂ ಒಂದು ಜಗಲಿ

ಬಾರ್ಬರಾ ರೋಗಾಫ್ ಅಂತ ಅಮೆರಿಕದ ಮನಃಶಾಸ್ತ್ರಜ್ಞೆ. ಅವರೂ ಜೊತೆಗಾರರೂ ಸೇರಿ 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಲ್ಕು ಕಡೆಯ ಪುಟ್ಟ ಮಕ್ಕಳನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಹತ್ತಿರದಿಂದ ಗಮನಿಸಿದ್ದರು. ಗ್ವಾಟೆಮಾಲದ ಸ್ಯಾನ್ ಪೆಡ್ರೊ ಅನ್ನುವ ಮಾಯಾ ಜನರ ಊರು, ಭಾರತದ ಢೋಲ್ ಕೀ ಪಟ್ಟಿ ಅನ್ನುವ ಬುಡಕಟ್ಟು ಹಳ್ಳಿ, ಟರ್ಕಿಯ ಒಂದು ಊರು, ಅಮೆರಿಕದ ಸಾಲ್ಟ್ ಲೇಕ್ ಸಿಟಿ. ಕೊನೆಯ ಎರಡರಲ್ಲಿ ದೊಡ್ಡವರು ಮಗುವಿನ ಆಟದ ಜೊತೆಗಾರರೋ ಮೇಷ್ಟರೋ ಆಗಿಬಿಡುತ್ತಿದ್ದರು. ಪಾಠದ ಥರ ಹೇಳಿಕೊಡುವುದು, ಇಲ್ಲದ ಉತ್ಸಾಹ ತೋರಿಸುವುದು, "ಇದೇನು ಹೇಳು" ಅಂತ ಕೇಳುವುದು. ಮೊದಲಿನ ಎರಡರಲ್ಲಿ ದೊಡ್ಡವರು ತಮ್ಮ ಕೆಲಸ, ಮಾತುಕತೆ ಬಿಡುತ್ತಿರಲಿಲ್ಲ. ಮಗು ಪಕ್ಕದಲ್ಲಿ ನೋಡುತ್ತಾ ಇರುತ್ತಿತ್ತು. ಬೇಕಾದಾಗ ಕೈ ಸಿಗುತ್ತಿತ್ತು. ಅಲ್ಲಿಯ ಮಕ್ಕಳು ಒಂದೇ ಸಲಕ್ಕೆ ಎರಡು ಮೂರು ಕಡೆ ಗಮನ ಇಟ್ಟಿರುವುದನ್ನೂ ಅವರು ದಾಖಲಿಸಿದ್ದಾರೆ. ಇದನ್ನು ಓದುವಾಗ ನನಗೆ ನಮ್ಮ ಜಗಲಿಯೇ ಕಂಡಿತು. ಯಾವುದು ಮೇಲು, ಯಾವುದು ಕೀಳು ಅಂತ ತೀರ್ಪು ಕೊಡುವುದು ಅವರ ಉದ್ದೇಶ ಆಗಿರಲಿಲ್ಲ. ನನಗೆ ಮುಖ್ಯ ಅನಿಸಿದ್ದು ಇಷ್ಟು. ಮಗುವಿನ ಜೊತೆ ಇರುವುದಕ್ಕೆ ಒಂದೇ ದಾರಿ ಇಲ್ಲ. ನಾವೀಗ ಹಿಡಿದಿರುವುದು ಪಟ್ಟಣದ, ಓದಿದವರ, ಸಣ್ಣ ಸಂಸಾರದ ದಾರಿ. ಅದೊಂದೇ ದಾರಿ ಅಂತ ನಂಬಿ ಅದರಲ್ಲಿ ಸೋತೆವು ಅಂತ ಅಳುತ್ತೇವೆ.

ತಾಯಂದಿರ ಅಳುವಿಗಂತೂ ಕೊನೆಯೇ ಇಲ್ಲ. ಅವರಿಗಾಗಿ ಇನ್ನೊಂದು ವಿಷಯ. 2015ರಲ್ಲಿ ಸಮಾಜಶಾಸ್ತ್ರಜ್ಞೆ ಮೆಲಿಸ್ಸಾ ಮಿಲ್ಕಿ ಮತ್ತು ಸಂಗಡಿಗರು ಅಮೆರಿಕದ ಕುಟುಂಬಗಳ ಮಾಹಿತಿ ಇಟ್ಟುಕೊಂಡು ಒಂದು ಅಧ್ಯಯನ ಮಾಡಿದರು. 3ರಿಂದ 11 ವರ್ಷದ ಮಕ್ಕಳ ಜೊತೆ ತಾಯಿ ಕಳೆಯುವ ಗಂಟೆಗಳಿಗೂ ಆ ಮಕ್ಕಳ ನಡತೆ, ಭಾವನೆ, ಓದಿಗೂ ಸ್ಪಷ್ಟವಾದ ಸಂಬಂಧ ಅವರಿಗೆ ಕಾಣಲಿಲ್ಲ. ಹದಿಹರೆಯದ ಮಕ್ಕಳಲ್ಲಿ ಮಾತ್ರ, ತಾಯಿ ಜೊತೆಗೂಡಿ ಏನಾದರೂ ಮಾಡುವ ಹೊತ್ತು ಜಾಸ್ತಿ ಇದ್ದಲ್ಲಿ ದಾರಿ ತಪ್ಪುವ ನಡತೆ ಕಡಿಮೆ ಇತ್ತು. ನಮ್ಮಲ್ಲಿ ನಡೆಯುವುದು ತದ್ವಿರುದ್ಧ, ಅಲ್ವಾ? ಪುಟ್ಟ ಮಗುವಿಗೆ ನಾವು ಪ್ರಾಣ ಬಿಡುತ್ತೇವೆ. ಎಂಟನೇ ಕ್ಲಾಸಿಗೆ ಬಂದ ಕೂಡಲೇ ಟ್ಯೂಷನ್, ಕೋಚಿಂಗ್, ಆಮೇಲೆ ಹಾಸ್ಟೆಲ್. "ಅವನ ಪಾಡಿಗೆ ಓದ್ಕೊಳ್ಲಿ, ತೊಂದರೆ ಕೊಡಬೇಡಿ" ಅಂತ ಬಾಗಿಲು ಹಾಕಿಕೊಂಡು ಹೊರಗೆ ಬರುತ್ತೇವೆ. ಜೊತೆಗೆ ಯಾರಾದರೂ ಇರಬೇಕಾದ ವಯಸ್ಸಿನಲ್ಲೇ ಮಕ್ಕಳು ಒಂಟಿಯಾಗುತ್ತಾರೆ.

ಅಪ್ಪೆಮಿಡಿ ಮತ್ತು ಸ್ಕೂಲ್ ವ್ಯಾನ್

ನನ್ನ ಮಗಳು ಏಳನೇ ಕ್ಲಾಸಿನಲ್ಲಿದ್ದಾಗಿನ ಒಂದು ಮಧ್ಯಾಹ್ನ. ವಿನೋಬನಗರದ ನಮ್ಮ ಮನೆಗೆ ರಿಪ್ಪನ್‌ಪೇಟೆ ಕಡೆಯಿಂದ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಯ ಎಳೆ ಮಾವು, ಬಂದಿತ್ತು. ಉಪ್ಪಿನಕಾಯಿ ಹಾಕುವ ಮನೆಯವರಿಗೆ ಗೊತ್ತು, ಮಿಡಿ ಬಂದ ದಿನ ಬೇರೆ ಯಾವ ಕೆಲಸವೂ ಇಲ್ಲ. ನೆಲಕ್ಕೆ ಬಿದ್ದು ಪೆಟ್ಟಾದದ್ದನ್ನು ಆರಿಸಿ ತೆಗೆಯಬೇಕು, ಇಲ್ಲದಿದ್ದರೆ ಒಂದು ಮಿಡಿ ಇಡೀ ಭರಣಿ ಕೆಡಿಸುತ್ತದೆ. ಒರೆಸಬೇಕು. ತೊಟ್ಟು ಇಷ್ಟೇ ಇಷ್ಟು ಉಳಿಸಬೇಕು. ಸೊನೆ ಮುಖಕ್ಕೆ ಸಿಡಿಯದ ಹಾಗೆ ನೋಡಿಕೊಳ್ಳಬೇಕು. ಆಮೇಲೆ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಮಗಳು ಸುಮ್ನೆ ಬಂದು ಪಕ್ಕ ಕೂತಳು. ಒಂದು ಹಳೆ ಬಟ್ಟೆ ಕೈಗೆ ಕೊಟ್ಟೆ. ಬಹಳ ಹೊತ್ತು ಮಾತಿಲ್ಲ. "ಇದು ಪೆಟ್ಟಾಗಿದ್ಯಾ ನೋಡು", "ಇದು ನಡೆಯುತ್ತೆ" ಇಷ್ಟೇ.

ಹಾಗೆ ಒರೆಸುತ್ತಾ ಅವಳು ಹೇಳಿದಳು, "ಅಮ್ಮ, ವ್ಯಾನಲ್ಲಿ ಯಾರೂ ನನ್ ಪಕ್ಕ ಕೂರಲ್ಲ." ದನಿಯಲ್ಲಿ ಅಳು ಇರಲಿಲ್ಲ. ಮಿಡಿಯ ಬಗ್ಗೆ ಹೇಳಿದ ಹಾಗೇ ಹೇಳಿದಳು. ನನ್ನ ಎದೆ ಧಸಕ್ಕೆಂದಿತು. ಎದ್ದು ಅವಳನ್ನು ತಬ್ಬಿಕೊಂಡು, ಯಾರು ಏನು ಅಂತ ಹೆಸರೆಲ್ಲ ಕೇಳಿ, ಆಗಲೇ ಅವರಮ್ಮಂದಿರಿಗೆ ಫೋನ್ ಮಾಡಿಬಿಡಬೇಕು ಅನಿಸಿತು. ಪುಣ್ಯಕ್ಕೆ ಕೈ ತುಂಬ ಸೊನೆ ಮತ್ತು ಉಪ್ಪು. "ಯಾವಾಗಿಂದ?" ಅಂತ ಮಾತ್ರ ಕೇಳಿದೆ. ದಸರಾ ರಜೆ ಮುಗಿದಾಗಿಂದಂತೆ. ಮಿಡಿ ಮುಗಿಯುವವರೆಗೂ ಹೇಳಿದಳು. ಯಾರು ಯಾರ ಜೊತೆ ಜಗಳ ಆಡಿದರು, ಇವಳು ಯಾರ ಗುಟ್ಟು ಯಾರಿಗೆ ಹೇಳಿಬಿಟ್ಟಳು, ತಪ್ಪು ಯಾರದು ಅಂತ ಅವಳಿಗೇ ಹೇಗೆ ಅನುಮಾನ. ದಸರೆಯಿಂದ ಆ ದಿನದವರೆಗೆ ನಾನು ಪ್ರತಿ ಸಂಜೆ "ಸ್ಕೂಲಲ್ಲಿ ಏನಾಯ್ತು?" ಅಂತ ಕೇಳಿದ್ದೆ. ಪ್ರತಿ ಸಂಜೆ ಉತ್ತರ ಒಂದೇ, "ಏನಿಲ್ಲ." ಅದು ಸುಳ್ಳಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಇಂಥ ವಿಷಯಕ್ಕೆ ಜಾಗ ಎಲ್ಲಿ? ಹೇಳಿದ ಮಾತ್ರಕ್ಕೆ ವ್ಯಾನಿನ ಸಮಸ್ಯೆ ಏನೂ ಪರಿಹಾರ ಆಗಲಿಲ್ಲ. ಪಕ್ಕದ ಸೀಟು ತುಂಬಲು ಮುಂದಿನ ಜೂನೇ ಬರಬೇಕಾಯಿತು. ಆದರೆ ಅದು ನಮ್ಮಿಬ್ಬರ ನಡುವೆ ಗೊತ್ತಿರುವ ವಿಷಯ ಆಯಿತು.

ಅಜ್ಜಿಯರ ವೀಡಿಯೊ ಕಾಲ್ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ಮಲೆನಾಡಿನ ಎಷ್ಟೋ ದೊಡ್ಡ ಮನೆಗಳಲ್ಲಿ ಈಗ ಇಬ್ಬರೇ ಮುದುಕರು. ಮೊಮ್ಮಕ್ಕಳು ಬೆಂಗಳೂರಿನಲ್ಲೋ ಇನ್ನೂ ಆಚೆಯೋ. ಭಾನುವಾರ ಕಾಲ್ ಬರುತ್ತದೆ, ನೆಟ್‌ವರ್ಕ್ ಇದ್ದರೆ. "ಊಟ ಆಯ್ತಾ?" "ಆಯ್ತು ಅಜ್ಜಿ." "ಮಳೆ ಬಂತಾ?" "ಇಲ್ಲ ಅಜ್ಜಿ." ಮುಗಿಯಿತು. ಪ್ರೀತಿ ಇಲ್ಲ ಅಂತಲ್ಲ, ಮಾಡಲು ಏನೂ ಇಲ್ಲ. ನನ್ನ ಅಮ್ಮ ಒಂದು ಉಪಾಯ ಕಂಡುಕೊಂಡಿದ್ದಾರೆ. ಫೋನನ್ನು ಸಕ್ಕರೆ ಡಬ್ಬಕ್ಕೆ ಆನಿಸಿ ಇಟ್ಟು ಪತ್ರೊಡೆಗೆ ಕೆಸುವಿನ ಸೊಪ್ಪಿನ ನಾರು ತೆಗೆಯುತ್ತಾ ಕೂರುತ್ತಾರೆ. ಆ ಕಡೆ ನನ್ನ ತಮ್ಮನ ಮಗ ಹೋಮ್‌ವರ್ಕ್ ಬರೆಯುತ್ತಾನೆ. ಹತ್ತು ನಿಮಿಷ ಯಾರೂ ಮಾತಾಡದೇ ಇರುವುದೂ ಉಂಟು. ಆಮೇಲೆ ಇದ್ದಕ್ಕಿದ್ದ ಹಾಗೆ ಅವನು, "ಅಜ್ಜಿ, ಪತ್ರೊಡೆ ತಿಂದ್ರೆ ಗಂಟಲು ತುರಿಸಲ್ವಾ?" ಅಂತ ಕೇಳುತ್ತಾನೆ. ತುರಿಕೆ ಕಳೆಯುವ ಹುಣಸೆಹುಳಿಯ ಪಾಠ ಶುರುವಾಗುತ್ತದೆ. ತಮ್ಮ ಹೇಳುತ್ತಾನೆ, ಡೇಟಾ ದಂಡ ಅಂತ. ಹೇಳಲಿ.

ಮಳೆ ರಜೆ

ಜುಲೈ ತಿಂಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ರಜೆಯ ಸುದ್ದಿ ಬರುತ್ತದೆ. ಹೊಸನಗರ, ತೀರ್ಥಹಳ್ಳಿ, ಸಾಗರಕ್ಕಂತೂ ಇದು ಮಾಮೂಲು. ಮಕ್ಕಳು ಕುಣಿಯುತ್ತಾರೆ. ಅಪ್ಪ ಅಮ್ಮಂದಿರ ಗುಂಪಿನಲ್ಲಿ ಮಾತ್ರ ಸೂತಕದ ಕಳೆ. "ಇಡೀ ದಿನ ಏನ್ ಮಾಡಿಸೋದು ಇವರ ಹತ್ರ?" ಅಂತ ಒಬ್ಬರು, ಆನ್‌ಲೈನ್ ಕ್ಲಾಸ್ ಇಟ್ಟರೆ ಚೆನ್ನಾಗಿತ್ತು ಅಂತ ಇನ್ನೊಬ್ಬರು. ನನಗೆ ಈ ಮಾತು ವಿಚಿತ್ರವಾಗಿ ಕೇಳುತ್ತದೆ. ನಮ್ಮಲ್ಲಿ ಚೆನ್ನೆಮಣೆ ಹೊರಗೆ ಬರುತ್ತಿದ್ದದ್ದೇ ಈ ಮಳೆಗೆ. ಏಳೇಳು ಗುಳಿ ಎರಡು ಸಾಲು, ಗುಳಿಗೆ ನಾಲ್ಕು ಕಾಯಿ. ಅದನ್ನು ಆಡುತ್ತಿದ್ದವರು ದೊಡ್ಡವರು. ಅಜ್ಜಿ ಮತ್ತು ಪಕ್ಕದ ಮನೆಯ ಅಜ್ಜಿ ಪಟ್ಟು ಹಿಡಿದು ಆಡುತ್ತಿದ್ದರು, ಕಳ್ಳಾಟವನ್ನೂ ಆಡುತ್ತಿದ್ದರು. ನಾವು ನೋಡಿ ನೋಡಿ ಕಲಿತು, ಜಾಗ ಖಾಲಿಯಾದಾಗ ಕೂರುತ್ತಿದ್ದೆವು. ಮಕ್ಕಳು ಅಂತ ಯಾರೂ ಸೋತುಕೊಡುತ್ತಿರಲಿಲ್ಲ. ಯಕ್ಷಗಾನಕ್ಕೆ ಹೋದರೂ ಹಾಗೇ. ನಡುರಾತ್ರಿ ರಾಕ್ಷಸನ ಬಣ್ಣದ ವೇಷ ಬರುವಾಗ ಎಬ್ಬಿಸುತ್ತಿದ್ದರು, ಹೆದರಿ ಮತ್ತೆ ದೊಡ್ಡವರ ಶಾಲಿನೊಳಗೆ ನುಗ್ಗುತ್ತಿದ್ದೆವು. ಈಗ ಮದುವೆ ಛತ್ರದಲ್ಲೂ ಮಕ್ಕಳಿಗೆ ಬೇರೆ ಮೂಲೆ, ಗಾಳಿ ತುಂಬಿದ ಜಾರುಬಂಡೆ. ದೊಡ್ಡವರ ಸಂತೋಷ ನೋಡುವ ಅವಕಾಶವೇ ಮಕ್ಕಳಿಗೆ ಇಲ್ಲ. ಅವರು ನೋಡುವುದು ದೊಡ್ಡವರ ಸುಸ್ತು ಮಾತ್ರ.

ಇದನ್ನು ಹೇಳಿದರೆ ಸ್ನೇಹಿತೆಯೊಬ್ಬಳು ಕೇಳುತ್ತಾಳೆ, "ಹಾಗಾದ್ರೆ ಮಕ್ಕಳ ಹತ್ರ ದುಡಿಸಿಕೊಳ್ಳೋದಾ?" ಪ್ರಶ್ನೆ ಸರಿಯಾದದ್ದೇ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ತಂದಾಗ, ಶಾಲೆಯ ಹೊತ್ತು ಬಿಟ್ಟು ಅಥವಾ ರಜೆಯಲ್ಲಿ ಮನೆಯವರ ಕಸುಬಿನಲ್ಲಿ ಮಕ್ಕಳು ನೆರವಾಗಬಹುದು ಅಂತ ಬಿಟ್ಟರು. ಅದರ ಮರೆಯಲ್ಲಿ ದುಡಿಮೆಯೂ ನಡೆಯಬಹುದು ಅಂತ ಆಗಲೇ ಆಕ್ಷೇಪ ಬಂದಿತ್ತು. ನನ್ನ ಅಳತೆ ಸರಳ. ಮಗು ಇಲ್ಲದಿದ್ದರೂ ಆ ಕೆಲಸ ಆಗುವಂತಿರಬೇಕು. ಮಗು ಎದ್ದು ಹೋದರೆ ಯಾರೂ ಬೈಯಬಾರದು. ನಿಜ ಹೇಳಬೇಕೆಂದರೆ ಮಗು ಸೇರಿದರೆ ಕೆಲಸ ಬೇಗ ಆಗುವುದೇ ಇಲ್ಲ, ಎರಡರಷ್ಟು ಹೊತ್ತು ಹಿಡಿಯುತ್ತದೆ. ಆ ನಿಧಾನಕ್ಕೆ ತಯಾರಿಲ್ಲದ ದಿನ ಫೋನ್ ಕೊಟ್ಟು ಕಳಿಸುವುದೇ ವಾಸಿ. ಕಿರಿಕಿರಿ ಮಾಡಿಕೊಂಡು ಜೊತೆಗಿರುವುದರಿಂದ ಯಾರಿಗೂ ಲಾಭ ಇಲ್ಲ.

ನಿಜವಾದ ಕಷ್ಟ ಬೇರೆ ಇದೆ. ನಮ್ಮ ಈಗಿನ ಕೆಲಸ ಮಕ್ಕಳ ಕಣ್ಣಿಗೆ ಕಾಣುವುದೇ ಇಲ್ಲ. ನನ್ನ ಗಂಡ ಮನೆಯಿಂದಲೇ ಕೆಲಸ ಮಾಡುತ್ತಾರೆ. ಅಪ್ಪ ಏನು ಮಾಡುತ್ತಾರೆ ಅಂತ ಯಾರಾದರೂ ಕೇಳಿದರೆ ಮಗಳ ಉತ್ತರ, "ಮ್ಯೂಟ್ ಮಾಡ್ತಾರೆ, ಅನ್‌ಮ್ಯೂಟ್ ಮಾಡ್ತಾರೆ." ಅವಳ ಅಜ್ಜನ ಕೆಲಸಕ್ಕೆ ವಾಸನೆ ಇತ್ತು, ಬಣ್ಣ ಇತ್ತು, ಮಧ್ಯೆ ಕೈ ಹಾಕಲು ಜಾಗ ಇತ್ತು. ಲ್ಯಾಪ್‌ಟಾಪಿನಲ್ಲಿ ಅವಳು ಎಲ್ಲಿ ಕೈ ಹಾಕುವುದು? ಹಾಗಾಗಿ ನಾವು ಮನೆಯ ಲೆಕ್ಕದಿಂದ ಶುರು ಮಾಡಿದ್ದೇವೆ. ತಿಂಗಳ ಮೊದಲ ವಾರ ಊಟದ ಮೇಜಿನ ಮೇಲೆ ಎಲ್ಲ ಹರಡಿಕೊಂಡು ಮೂವರೂ ಕೂರುತ್ತೇವೆ. ಕರೆಂಟ್ ಬಿಲ್ಲು, ಗ್ಯಾಸು, ಹಾಲು, ಸಾಲದ ಕಂತು. ಅವಳು ಓದಿ ಹೇಳುತ್ತಾಳೆ, ಅಪ್ಪ ಬರೆದುಕೊಳ್ಳುತ್ತಾರೆ. ಅಜ್ಜಿ ಮನೆಗೆ ಎಷ್ಟು ಕಳಿಸುತ್ತೇವೆ, ಯಾಕೆ ಕಳಿಸುತ್ತೇವೆ ಅನ್ನುವುದೂ ಈಗ ಅವಳಿಗೆ ಗೊತ್ತು. ತನ್ನ ಟ್ಯೂಷನ್ ಫೀಸು ಅಡಿಕೆಯ ಲೆಕ್ಕದಲ್ಲಿ ಎಷ್ಟಾಗುತ್ತೆ ಅಂತ ಒಮ್ಮೆ ಕೇಳಿದಳು. ಆ ವಾರದ ಧಾರಣೆ ಹುಡುಕಿ ಲೆಕ್ಕ ಹಾಕಿದೆವು.

ಕಳೆದ ತಿಂಗಳು ನನ್ನ ಜೀವವಿಮೆಯ ಕಾಗದ ಅವಳ ಕೈಗೆ ಸಿಕ್ಕಿತು. ಇದು ಏನು ಅಂತ ಕೇಳಿದಳು. ಆದಷ್ಟು ಸರಳವಾಗಿ ಹೇಳಿದೆ. ಅಂದರೆ ನೀನು ಸತ್ತರೆ ನಮಗೆ ದುಡ್ಡು ಬರುತ್ತಾ ಅಂದಳು. ಹೌದು ಅಂದೆ. ಎಷ್ಟು ಅಂದಳು. ಕೆಳಗೆ ಬರೆದಿದೆ ನೋಡು ಅಂದೆ. ಅಂಕಿಯ ಮೇಲೆ ಬೆರಳಿಟ್ಟು ಸೊನ್ನೆ ಎಣಿಸಿದಳು. "ಇಷ್ಟೇನಾ?" ಅಂತ ಅಪ್ಪನ ಮುಖ ನೋಡಿದಳು. ಅವರು, "ನಿನ್ ಮದುವೆಗೂ ಸಾಲಲ್ಲ ಇದು" ಅಂದರು. "ನಾನು ಮದುವೆ ಆಗ್ತೀನಿ ಅಂತ ಯಾರು ಹೇಳಿದ್ದು?" ಅಂತ ಅವಳು ಶುರು ಮಾಡಿದಳು. ಆ ತಿಂಗಳ ಹಾಲಿನ ಲೆಕ್ಕ ಇನ್ನೂ ಬರೆದಿಲ್ಲ.